ಸುಗಲಾಬಾಯಿಯ ಐದು ದಿನದ ಚೀಟಿ

ಸುಗಲಾಬಾಯಿ ಜೋಳವನ್ನು ಹಲ್ಲಿನಿಂದ ನೋಡಿ ಕೊಳ್ಳುತ್ತಿದ್ದಳು. ಅಂಗಡಿಯವನ ಕೈಯಿಂದ ಚೀಲದ ಬಾಯಿ ಬಿಚ್ಚಿಸಿ, ತೋಳನ್ನು ಮೊಣಕೈವರೆಗೆ ಒಳಗಿಳಿಸಿ, ತಳದ ಕಾಳನ್ನೇ ಮೇಲೆ ತಂದು, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿಯುತ್ತಿದ್ದಳು. ಕಟ್ ಎಂದು ಸದ್ದು ಬಂದರೆ ಸರಿ. ಬರದಿದ್ದರೆ ಅವನ ಎದುರಿಗೇ ಉಗುಳಿ, "ಹೋದ ವರ್ಷದ ಜ್ವಾಳಾ ಹೊಸಾದ್ರಾಗ ಕೂಡ್ಸೀರಿ. ನಿಮ್ಮ ಬಾಯಿ ಸುಳ್ಳ ಹೇಳತದ, ನನ್ನ ಹಲ್ಲ ಹೇಳಂಗಿಲ್ರಿ" ಎಂದು ಇಡೀ ಬಜಾರಕ್ಕೆ ಕೇಳಿಸುವಂತೆ ಅನ್ನುತ್ತಿದ್ದಳು. ಅರಿಶಿನವನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಿದ್ದಳು. ಶೇಂಗಾ ಎಣ್ಣೆಯನ್ನು ಮೂಸದೆ ಡಬ್ಬಿಗೆ ಸುರಿಸಿಕೊಂಡವಳಲ್ಲ.

ಹೀಗಿದ್ದ ಹೆಂಗಸು ಒಂದು ವಸ್ತುವನ್ನು ಮಾತ್ರ ಕಡಿಯದೆ, ಮೂಸದೆ, ತಿಕ್ಕದೆ ಒಂಬತ್ತು ವರ್ಷ ನುಂಗಿದಳು. ಅದನ್ನು ಕೊಟ್ಟವನು ನಾನು.

ಆಕೆ ಅಕ್ಕಲಕೋಟ ತಾಲೂಕಿನ ಕುರನೂರಿನ ಮಗಳು. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಳು. ಗಂಡ ಮಗ್ಗದ ಕಾರ್ಖಾನೆಯಲ್ಲಿದ್ದ, ಬೇಗ ಹೋಗಿಬಿಟ್ಟ. ಅಂದಿನಿಂದ ಖಡಕ್ ರೊಟ್ಟಿ ಬಡಿದು ಒಬ್ಬಳೇ ಮಗಳು ಮಹಾನಂದಾಳನ್ನು ಓದಿಸಿದಳು, ಅಕ್ಕಲಕೋಟಕ್ಕೆ ಕೊಟ್ಟು ಮದುವೆ ಮಾಡಿದಳು. ಸೊಲ್ಲಾಪುರದ ಆ ಓಣಿಯಲ್ಲಿ ಮನೆಮನೆಯಲ್ಲೂ ರೊಟ್ಟಿಯ ಒಲೆಗಳೇ. ಮುಂಜಾನೆಯಿಂದ ಸಂಜೆಯವರೆಗೆ ಟಪಟಪ ಸದ್ದು. ಅದರಲ್ಲಿ ಸುಗಲಾಬಾಯಿಯ ಕೈ ಯಾವುದು ಎಂದು ನಾನು ರಸ್ತೆಯಿಂದಲೇ ಹೇಳುತ್ತಿದ್ದೆ. ಎಲ್ಲರದೂ ಎರಡು ಪೆಟ್ಟಿಗೊಂದು ಸುತ್ತು, ಆಕೆಯದು ಮೂರು ಪೆಟ್ಟಿಗೆ. ಆಕೆಯ ರೊಟ್ಟಿ ತೆಳ್ಳಗೆ, ಹಪ್ಪಳದಂತೆ ಮುರಿಯುತ್ತಿತ್ತು. ತಿಂಗಳಿಟ್ಟರೂ ಕೆಡುತ್ತಿರಲಿಲ್ಲ.

ನಾನು ಕಾಶೀನಾಥ, ವಳಸಂಗದವನು, ಮ್ಯಾಟ್ರಿಕ್ ಪಾಸು. ದಿನಾ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ಆ ಓಣಿಯ ತುದಿಗಿದ್ದ ಮೆಡಿಕಲ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತಿದ್ದೆ. ಅಂಗಡಿಯ ಗೋಡೆಗೆ ಗಾಜಿನ ಚೌಕಟ್ಟಿನಲ್ಲಿ ಒಬ್ಬ ಫಾರ್ಮಸಿಸ್ಟನ ಪ್ರಮಾಣಪತ್ರ ಹಾಕಿತ್ತು. ಆ ಮನುಷ್ಯ ದೀಪಾವಳಿಗೆ ಬಂದು ಪೇಢೆ ತಿಂದು ಹೋಗುತ್ತಿದ್ದ. ಉಳಿದ ದಿನ ಔಷಧ ಕೊಡುತ್ತಿದ್ದವನು ನಾನು. ಯಾವ ಗುಳಿಗೆ ಯಾವ ಖಾನೆಯಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಅದು ಹೊಟ್ಟೆಗೆ ಹೋದ ಮೇಲೆ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಆದರೂ ಜನ ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು. ನಾನು ಬೇಡ ಎನ್ನಲಿಲ್ಲ. ಆ ಹೆಸರು ಕೇಳಿದಾಗ ಎದೆ ಸ್ವಲ್ಪ ಉಬ್ಬುತ್ತಿತ್ತು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಒಂದು ಬೇಸಿಗೆಯಲ್ಲಿ ಸುಗಲಾಬಾಯಿಯ ಮೊಣಕಾಲು ಬಾತವು. ಒಬ್ಬ ಡಾಕ್ಟರರು ನೋಡಿ ಚೀಟಿ ಬರೆದುಕೊಟ್ಟರು. ಮೂರು ಗುಳಿಗೆ: ಒಂದು ನೋವಿನದು, ಒಂದು ಸ್ಟೀರಾಯ್ಡ್, ಒಂದು ಹೊಟ್ಟೆ ಉರಿಯದಂತೆ ತಡೆಯುವುದು. ಕೆಳಗೆ ಇಂಗ್ಲಿಷಿನಲ್ಲಿ, ಐದು ದಿನ, ಆಮೇಲೆ ಬಂದು ತೋರಿಸಬೇಕು ಎಂದು ಬರೆದಿತ್ತು. ನಾನು ಓದಿದೆ, ಐದು ದಿನದ್ದು ಎಣಿಸಿ ಕೊಟ್ಟೆ.

ಆರನೆಯ ದಿನ ಆಕೆ ಕೌಂಟರಿಗೆ ಬಂದಳು. ಓಡುತ್ತ ಬಂದಳು ಎಂದರೂ ಸರಿ.

"ಅಣ್ಣಾ, ಏನ ಗುಳಿಗಿ ಕೊಟ್ಟೀಯೋ! ನಿನ್ನೆ ಇಡೀ ದಿನಾ ಒಲಿ ಮುಂದ ಕುಂತಿದ್ದೆ. ಏಳೂ ಮುಂದ ಮೊಣಕಾಲ ಅದಾವೋ ಇಲ್ಲೋ ಅಂತ ಮುಟ್ಟಿ ನೋಡ್ಕೊಂಡೆ. ಇನ್ನೊಂದ ಎಂಟ ದಿನದ್ದು ಕೊಡು."

"ಡಾಕ್ಟರಿಗೆ ತೋರಿಸಿ ಬಾ" ಎಂಬ ಮೂರು ಶಬ್ದ ನನ್ನ ಬಾಯಿಯವರೆಗೆ ಬಂದವು. ತೋರಿಸಲು ಹೋದರೆ ಆಕೆಯ ಅರ್ಧ ದಿನದ ರೊಟ್ಟಿ ಹೋಗುತ್ತದೆ, ಸಾಲಿನಲ್ಲಿ ಕೂತು ಎದ್ದು ಬಂದರೆ ಅದೇ ಗುಳಿಗೆ ಬರೆಯುತ್ತಾರೆ, ಯಾಕೆ ಸುಮ್ಮನೆ ತ್ರಾಸು ಎಂದುಕೊಂಡೆ. ಕೊಟ್ಟೆ. ಮಾಲಕರು ಕೊಡು ಎಂದರು ಅಂತ ಬರೆಯಬಹುದಿತ್ತು. ಅವತ್ತು ಮಾಲಕರು ಅಂಗಡಿಯಲ್ಲೇ ಇರಲಿಲ್ಲ.

ಎಂಟು ದಿನ ತಿಂಗಳಾಯಿತು, ತಿಂಗಳು ವರ್ಷವಾಯಿತು. ಸುಗಲಾಬಾಯಿಯ ಮುಖ ತುಂಬಿ ದುಂಡಗಾಯಿತು. ಈಗ ಡಾಕ್ಟರರು ಅದು ಸ್ಟೀರಾಯ್ಡಿನ ಬಾವು ಎನ್ನುತ್ತಾರೆ. ಅಂದು ಓಣಿಯವರು ಅದನ್ನು ಸುಖ ಎಂದರು. ಎದುರು ಮನೆಯ ರುಕ್ಮಿಣಿಬಾಯಿ, "ಏನವಾ, ಮಗಳ ಹಡದ್ರ ತಾಯಿ ದಪ್ಪ ಆಗ್ಯಾಳಲ್ಲಾ!" ಎಂದು ಕೆಣಕಿದಳು. "ಬಾಣಂತಿಗೆ ಕಾಸಿದ ತುಪ್ಪಾ ನಾನ ತಿಂದೀನಿ. ನಿನಗ ಯಾಕ ಹೊಟ್ಟಿಕಿಚ್ಚ? ಬಾ, ನಿನಗೂ ಕೊಡ್ತೀನಿ" ಎಂದಳು ಸುಗಲಾಬಾಯಿ. ಕೊಟ್ಟದ್ದು ತುಪ್ಪವಲ್ಲ, ಗುಳಿಗೆ. ರುಕ್ಮಿಣಿಬಾಯಿಯ ಹೆಗಲ ನೋವು ಎರಡು ದಿನದಲ್ಲಿ ಮಾಯವಾಯಿತು.

ಇನ್ನು ಆ ಚೀಟಿಯ ಮಾತು. ಸುಗಲಾಬಾಯಿ ಅದನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬೆವರು, ಹಿಟ್ಟು, ಒಲೆಯ ಬೂದಿ ತಾಗಿ ಮಡಿಕೆಯಲ್ಲಿ ಹರಿಯತೊಡಗಿತು. ಒಂದು ದಿನ ಆಕೆ ಎರಡು ತುಂಡನ್ನು ಅಂಗೈಯಲ್ಲಿ ಜೋಡಿಸಿ ಹಿಡಿದು, "ಇದು ಹೋತಂದ್ರ ನನ್ನ ಕಾಲ ಹೋದಂಗ ನೋಡಣ್ಣಾ" ಎಂದಳು. ನನಗೆ ಕನಿಕರ ಬಂತು. ಮಗ್ಗುಲಿನ ಝೆರಾಕ್ಸ್ ಅಂಗಡಿಗೆ ಒಯ್ದು, ತುಂಡುಗಳನ್ನು ಜೋಡಿಸಿ, ನಾನೇ ಲ್ಯಾಮಿನೇಶನ್ ಮಾಡಿಸಿ ತಂದೆ. ಆಕೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಅಯ್ಯ, ರೇಶನ್ ಕಾರ್ಡಕಿಂತ ಚಂದ ಆತಲ್ಲೋ!" ಎಂದು ನಕ್ಕಳು.

ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಇದು, ಮತ್ತು ಅದನ್ನು ಉಪಕಾರ ಎಂದುಕೊಂಡು ಮಾಡಿದೆ. ಕಾಗದ ಕಾಗದವಾಗಿಯೇ ಉಳಿದಿದ್ದರೆ ಒಂದು ದಿನ ಹರಿದುಹೋಗುತ್ತಿತ್ತು. ಹರಿದ ದಿನವಾದರೂ ಆಕೆ ಡಾಕ್ಟರರ ಬಾಗಿಲಿಗೆ ಹೋಗಲೇಬೇಕಾಗುತ್ತಿತ್ತು. ನಾನು ಅದಕ್ಕೆ ಸಾವಿಲ್ಲದಂತೆ ಮಾಡಿದೆ. ಗುಳಿಗೆ ಕೊಟ್ಟ ಮೇಲೆ ಚೀಟಿಗೆ, ಕೊಟ್ಟಾಯಿತು ಎಂಬ ಶಿಕ್ಕಾ ಒತ್ತಬೇಕು. ಪ್ಲಾಸ್ಟಿಕ್ಕಿನ ಮೇಲೆ ಶಿಕ್ಕಾ ನಿಲ್ಲುವುದಿಲ್ಲ. ಯಾವಾಗ ನೋಡಿದರೂ ಅದು ಇವತ್ತೇ ಬರೆದುಕೊಟ್ಟ ಚೀಟಿಯಂತೆ ಕಾಣುತ್ತಿತ್ತು.

ಆಮೇಲೆ ಅದು ಸುಗಲಾಬಾಯಿಯ ಬಾಗಿಲ ಮೊಳೆಗೆ ತೂಗಿತು. ನೀರಿನ ಪಾಳಿಯಂತೆ ಅದಕ್ಕೂ ಪಾಳಿ ಬಂತು. "ಚೀಟಿ ಯಾರ ಮನ್ಯಾಗದ?" ಎಂಬುದು ಓಣಿಯ ನಿತ್ಯದ ಪ್ರಶ್ನೆಯಾಯಿತು. ಚೀಟಿಯಲ್ಲಿದ್ದ ಹೆಸರು ಒಂದೇ, ಹೀಗಾಗಿ ವಾರಕ್ಕೆ ಆರೇಳು ಸುಗಲಾಬಾಯಿಯರು ನನ್ನ ಕೌಂಟರಿಗೆ ಬರುತ್ತಿದ್ದರು. ಒಮ್ಮೆ ಪೊದೆಮೀಸೆಯ ಒಬ್ಬ ಹಮಾಲ ಆ ಕಾರ್ಡು ಹಿಡಿದು ಬಂದ. "ಹೆಸರು?" ಎಂದೆ. "ನಾನೂ ಸುಗಲಾಬಾಯಿನರಿ" ಎಂದ. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಸಂಜೆ ಸುಗಲಾಬಾಯಿಗೂ ಹೇಳಿದೆ, ಆಕೆಯೂ ನಕ್ಕಳು. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ಉರಿಯುವುದು ನನ್ನೊಬ್ಬನ ಮೇಲಲ್ಲ. ಗೋಡೆಗೆ ಹೆಸರು ತೂಗುಹಾಕಿ ಮನೆಯಲ್ಲಿ ಕೂತಿದ್ದ ಆ ಫಾರ್ಮಸಿಸ್ಟನ ಮೇಲೆ ಸಿಟ್ಟಿದೆ. ತಪಾಸಣೆಗೆ ಬಂದು, ಚಹಾ ಕುಡಿದು, ಚೌಕಟ್ಟಿನ ಗಾಜು ನೋಡಿ ಹೋದ ಸಾಹೇಬರ ಮೇಲೆ ಸಿಟ್ಟಿದೆ. ಯಾವ ಗುಳಿಗೆ ಜಾಸ್ತಿ ಹೋದರೆ ಅಂಗಡಿಗೆ ಏನು ಉಡುಗೊರೆ ಬರುತ್ತದೆ ಎಂದು ನಗುನಗುತ್ತ ಹೇಳಿಹೋಗುತ್ತಿದ್ದ ಕಂಪನಿಯ ಏಜಂಟರ ಮೇಲೆ ಸಿಟ್ಟಿದೆ. ನಮ್ಮ ಕೌಂಟರಿನ ಗೋಡೆ ಗಡಿಯಾರ ಹಾಗೆ ಬಂದದ್ದೇ. ಹೆಂಗಸರು ದಿನವಿಡೀ ಒಲೆಯ ಮುಂದೆ ಕಾಲು ಮಡಚಿ ಕೂತರೆ ಮೊಣಕಾಲು ನೋಯದೆ ಏನಾಗುತ್ತದೆ? ಅವರಿಗೊಂದು ಎತ್ತರದ ಕಟ್ಟೆ ಕಟ್ಟಿಸಿಕೊಡಬೇಕು, ನಿಂತು ಬಡಿಯಲಿ ಎಂದು, ರೊಟ್ಟಿ ಒಯ್ದು ದೊಡ್ಡ ಊರುಗಳಿಗೆ ಮಾರುವ ಒಬ್ಬ ಗುತ್ತಿಗೆದಾರನಿಗಾದರೂ ಹೊಳೆಯಿತೇ? ಗುಳಿಗೆ ಇತ್ತಲ್ಲ, ನೋವು ಬಾಯಿ ಮುಚ್ಚಿತ್ತು. ಬಾಯಿ ಮುಚ್ಚಿದ ನೋವಿನ ಮೇಲೆ ಎಲ್ಲರ ವ್ಯಾಪಾರವೂ ಚೆನ್ನಾಗಿ ನಡೆಯಿತು.

ನಾನು ಕೆಲಸ ಬಿಟ್ಟು ವಳಸಂಗದಲ್ಲಿ ಕೂತ ಮೇಲೂ ಆ ಕಾರ್ಡು ನಡೆದೇ ಇತ್ತು. ಎರಡು ವರ್ಷದ ಬಳಿಕ ಸುದ್ದಿ ಬಂತು. ಸುಗಲಾಬಾಯಿಯ ಪಾದ ಬಾತಿವೆ, ಅನ್ನ ಸೇರುವುದಿಲ್ಲ, ದಿನಾ ವಾಂತಿ, ಮೂತ್ರ ನಿಂತಂತಾಗಿದೆ. ಮಗಳು ಮಹಾನಂದಾ ಬಂದು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಯ್ದಳು. ಎರಡೂ ಕಿಡ್ನಿ ಕೆಟ್ಟಿದ್ದವು. ಏನೇನು ತಿಂದಿರಿ ಎಂದು ಅಲ್ಲಿಯ ಡಾಕ್ಟರಮ್ಮ ಕೇಳಿದಾಗ ಸುಗಲಾಬಾಯಿ ಹೆಮ್ಮೆಯಿಂದ ಕಾರ್ಡನ್ನು ಮುಂದೆ ಹಿಡಿದಳಂತೆ. ನಾನು ಮಾಡಿಸಿದ ಲ್ಯಾಮಿನೇಶನ್ ಒಳಗೆ ಎಲ್ಲ ಅಕ್ಷರ ನಿಚ್ಚಳವಾಗಿದ್ದವು.

"ಆಜೀ, ಹೇ ಫಕ್ತ ಪಾಚ ದಿವಸಾಂಚಂ ಹೋತಂ" ಎಂದಳಂತೆ ಡಾಕ್ಟರಮ್ಮ. ಅಜ್ಜೀ, ಇದು ಬರೀ ಐದು ದಿನದ್ದು.

ಸುಗಲಾಬಾಯಿ ಆಕೆಗೇ ಬೈದಳು. ಅವ್ವ ಬೈದ ಮಾತನ್ನು ಮಹಾನಂದಾ ಆಮೇಲೆ ಫೋನಿನಲ್ಲಿ ನನಗೆ ಹಾಗೇ ಹೇಳಿದಳು. "ನೀವ ಸಣ್ಣಾವ್ರ ಇದ್ದೀರಿ, ನಿಮಗ ತಿಳಿಯಂಗಿಲ್ಲ. ನಮ್ಮ ಅಣ್ಣಾ ಮ್ಯಾಟ್ರಿಕ್ ಪಾಸ್ ಆಗ್ಯಾನ. ಅಂವಗ ಓದಾಕ ಬರತದ. ಹಂಗೇನರ ಬರದಿದ್ರ ಅಂವ ನನಗ ಹೇಳ್ತಿದ್ದ."

ಈ ಮಾತು ಕೇಳಿದ ಮೇಲೆ, ಮಗಳ ಮನೆಗೆ ಬಂದಿದ್ದ ಆಕೆಯನ್ನು ನೋಡಲು ಅಕ್ಕಲಕೋಟಕ್ಕೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು.

ಮಹಾನಂದಾಳ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಸುಗಲಾಬಾಯಿಯ ದುಂಡನೆಯ ಮುಖ ಇಳಿದು ಕೆನ್ನೆಯ ಮೂಳೆ ಕಾಣುತ್ತಿತ್ತು. ನನ್ನನ್ನು ನೋಡಿ, "ಬರ್ರಿ, ಕೂಡ್ರಿ" ಎಂದಳು. ಇಷ್ಟು ವರ್ಷ 'ಬಾರೋ ಅಣ್ಣಾ' ಎಂದವಳು. ನಾನು ಕುರ್ಚಿಯ ಅಂಚಿಗೆ ಕೂತೆ.

"ಒಂದ ಮಾತ ಕೇಳ್ತೀನಿ, ಖರೇ ಹೇಳ್ರಿ. ಐದ ದಿನಾ ಅಂತ ಬರದಿದ್ದು ನಿಮಗ ಕಾಣಿಸಿತ್ತೋ ಇಲ್ಲೋ?"

"ಕಾಣಿಸಿತ್ತು."

"ಯಾವಾಗ?"

"ಮೊದಲನೇ ದಿನಾನ."

ಒಳಗೆ ಮಹಾನಂದಾಳ ಪಾತ್ರೆಯ ಸದ್ದು ನಿಂತಿತು. ಸುಗಲಾಬಾಯಿ ಒಮ್ಮೆಲೇ ಸಿಡಿದಳು. "ಕಣ್ಣ ಮಂಜ ಆಗಿದ್ದೂ, ಅಕ್ಷರಾ ತಿಳೀಲಿಲ್ಲ ಅಂತರ ಹೇಳಬಾರದೇನೋ ಹುಚ್ಚಾ! ಅಷ್ಟರ ಸುಳ್ಳ ಹೇಳಾಕ ಏನಾಗಿತ್ತ ನಿನಗ?"

ದಿಂಬಿನ ಕೆಳಗೆ ಕೈಹಾಕಿ ಒಂದು ಹಳೆಯ ಗುಳಿಗೆಯ ಪಟ್ಟಿ ತೆಗೆದಳು. ಒಂದೇ ಗುಳಿಗೆ ಉಳಿದಿತ್ತು. ಅದನ್ನು ಒತ್ತಿ ಹೊರತೆಗೆದು, ನಾನು ಬೇಡ ಬೇಡ ಎನ್ನುವುದರೊಳಗೆ ಜೋಳದ ಕಾಳಿನಂತೆ ಹಲ್ಲಿನ ನಡುವೆ ಇಟ್ಟು ಕಡಿದಳು. ಮುಖ ಕಿವುಚಿ ಅಂಗೈಗೆ ಉಗುಳಿದಳು.

"ವಿಷದಂಗ ಕಹಿ ಅದ. ಒಂಬತ್ತ ವರ್ಷ ಗುಳಕ್ಕಂತ ನುಂಗೀನಿ, ಒಂದ ದಿನಾ ಕಡದ ನೋಡಲಿಲ್ಲ. ಜ್ವಾಳಾ ಆಗಿದ್ರ ಅಂಗಡ್ಯಾವನ ಮಾರಿ ಮ್ಯಾಲ ಉಗಳ್ತಿದ್ದೆ."

"ನನ್ನ ಮಾರಿ ಮ್ಯಾಲೂ ಉಗಳ ತಂಗಿ" ಎಂದೆ. ತೋರಿಕೆಗೆ ಹೇಳಿದ್ದಲ್ಲ.

"ನಿನ್ನ ಮ್ಯಾಲ ಉಗಳಾಕ ಬಾಯಾಗ ನೀರ ಎಲ್ಲದನೋ? ದಿನಕ್ಕ ಇಷ್ಟ ಅಂತ ಅಳದ ಕೊಡ್ತಾರ" ಎಂದು ಬೆರಳಿನಿಂದ ಗ್ಲಾಸಿನ ಅಳತೆ ತೋರಿಸಿದಳು. ಆಮೇಲೆ ಕಾರ್ಡನ್ನು ನನ್ನ ತೊಡೆಯ ಮೇಲೆ ಒಗೆದಳು. "ನನಗ ಓದಿ ಹೇಳಲಿಲ್ಲ. ಅವರಿಗೆ ಓದಿ ಹೇಳು. ಓಣ್ಯಾಗ ಮನಿ ಮನಿಗೆ ಹೋಗು. ನೀನ ಹೋಗು, ಬ್ಯಾರೆದವ್ರ ಯಾರೂ ಬ್ಯಾಡ."

ನಾನು ಹೋದೆ. ಮೊದಲ ದಿನವೇ ಮತ್ತೊಂದು ತಪ್ಪು ಮಾಡಿದೆ. ಎದುರು ಮನೆಯ ರುಕ್ಮಿಣಿಬಾಯಿಗೆ ಕಾರ್ಡು ಓದಿ ಹೇಳಿ, "ಇದು ವಿಷ, ಇವತ್ತೇ ಮೋರಿಗೆ ಒಗಿ" ಎಂದೆ. ಆಕೆ ಹೆದರಿ ಒಗೆದಳು. ಮೂರನೆಯ ದಿನ ಒಲೆಯ ಪಕ್ಕದಲ್ಲೇ ಕುಸಿದುಬಿದ್ದಳು. ರಿಕ್ಷಾದಲ್ಲಿ ಹಾಕಿಕೊಂಡು ಅದೇ ದವಾಖಾನೆಗೆ ಒಯ್ದೆ. ವರ್ಷಗಟ್ಟಲೆ ತಿಂದ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು ಬರುತ್ತದೆ, ಡಾಕ್ಟರರ ಕಣ್ಣಮುಂದೆ ಸ್ವಲ್ಪಸ್ವಲ್ಪವೇ ಇಳಿಸಬೇಕು ಎಂದು ಅವತ್ತು ತಿಳಿಯಿತು. ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ದೇತಾನಾ ಪಣ ತುಮ್ಹೀಚ ಡಾಕ್ಟರ್, ಬಂದ ಕರತಾನಾ ಪಣ ತುಮ್ಹೀಚ?" ಕೊಡುವಾಗಲೂ ನೀವೇ ಡಾಕ್ಟರು, ಬಿಡಿಸುವಾಗಲೂ ನೀವೇನಾ? ರುಕ್ಮಿಣಿಬಾಯಿ ಉಳಿದಳು. ಕೌಂಟರ್ ಬಿಟ್ಟು ಎರಡು ವರ್ಷವಾದರೂ ನನ್ನೊಳಗಿನ ಡಾಕ್ಟರ್ ಸತ್ತಿರಲಿಲ್ಲ, ಅವತ್ತು ಸತ್ತ.

ಅಂದಿನಿಂದ ನಾನು ಚೀಟಿ ಓದಿ ಹೇಳುತ್ತೇನೆ, ಅಷ್ಟೇ. ಗುಳಿಗೆಯ ಪಟ್ಟಿಗಳನ್ನು ಚೀಲಕ್ಕೆ ಹಾಕಿಸುತ್ತೇನೆ, ಅವರನ್ನು ಕರೆದುಕೊಂಡು ದವಾಖಾನೆಯ ಸಾಲಿನಲ್ಲಿ ಕೂಡುತ್ತೇನೆ. ಒಂದೊಂದು ಮನೆಗೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಕೆಲವರು ಬಾಗಿಲಲ್ಲೇ ಬೈಯುತ್ತಾರೆ. "ಆವಾಗ ನೀನ ಕೊಟ್ಟಿ, ಈಗ ನೀನ ಕಸ್ಕೋತಿ. ನಾಳೆ ನನ್ನ ರೊಟ್ಟಿ ನೀ ಬಂದ ಬಡೀತೀ ಏನು?" ಎಂದಳು ಒಬ್ಬಳು. ಅಂಗಡಿಗೂ ಹೋದೆ. ಈಗ ಮಾಲಕರ ಮಗ ಕೂತಿರುತ್ತಾನೆ. ಚೀಟಿಯಿಲ್ಲದೆ, ಹಳೆಯ ಚೀಟಿಗೆ, ಯಾರಿಗೂ ಕೊಡಬೇಡಪ್ಪಾ ಎಂದು ಕೈಮುಗಿದೆ. ಅವನು ನಕ್ಕು, "ಕಾಕಾ, ಹೆಂಗ ಕೊಡಬೇಕಂತ ನೀವ ಕಲಿಸಿದ್ದಲ್ಲಾ ನಮಗ?" ಎಂದ. ಗೋಡೆಗೆ ಅದೇ ಗಾಜಿನ ಚೌಕಟ್ಟು, ಪಕ್ಕದಲ್ಲಿ ಅದೇ ಗಡಿಯಾರ.

ಕಾರ್ಡು ನನ್ನ ಕೈಯಲ್ಲಿದ್ದರೂ ನಿಂತಿಲ್ಲ. ಯಾರೋ ಮೊಬೈಲಿನಲ್ಲಿ ಅದರ ಫೋಟೊ ಹೊಡೆದು ಬೋರಾಮಣಿ ಊರಿನ ಬೀಗರಿಗೆ ಕಳಿಸಿದ್ದರು, ಅಲ್ಲಿಂದ ಇನ್ನೆಲ್ಲಿಗೋ. ಹೀಗಾಗಿ ಬೋರಾಮಣಿಗೂ ಹೋಗಿಬಂದೆ.

ಸುಗಲಾಬಾಯಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಸೊಲ್ಲಾಪುರಕ್ಕೆ ಒಯ್ಯುತ್ತಿದ್ದರು. ಅಕ್ಕಲಕೋಟದ ಬಸ್ಸು ವಳಸಂಗದಲ್ಲಿ ಒಂದು ನಿಮಿಷ ನಿಲ್ಲುತ್ತದೆ. ನಾನು ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದೆ. ಹಿಂದಿನ ಚಕ್ರದ ಮೇಲಿನ ಕಿಟಕಿಯಿಂದ ಆಕೆ ಮುಖ ಹೊರಹಾಕಿ, ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಎಷ್ಟ ಮನಿ ಆದವೋ?"

"ಏಳ!"

"ಮೂರ ವಾರದಾಗ ಏಳ? ಗುಳಿಗಿ ಕೊಡೂ ಮುಂದ ಭಾಳ ಚುರುಕ ಇದ್ದೆಲ್ಲಾ!"

ಬಸ್ಸಿನವರು ನಗುತ್ತಿದ್ದರು. ನಮ್ಮದೇನೋ ಮದುವೆಯ ಕರೆ ಕೊಡುವ ಗಡಿಬಿಡಿ ಎಂದುಕೊಂಡಿರಬೇಕು. ಹನ್ನೊಂದಾಯಿತು, ಹದಿನಾಲ್ಕಾಯಿತು. ಪ್ರತಿ ಸಲವೂ ಬೈದಳು. ಒಮ್ಮೆಯೂ ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ದಿನ ಕಳೆದಂತೆ ದನಿ ಸಣ್ಣದಾಯಿತು. ಮೊನ್ನೆ ಮೊನ್ನೆ ಕೂಗಲೂ ಆಗಲಿಲ್ಲ. ಕಿಟಕಿಯ ಸರಳಿಗೆ ಹಣೆ ಆನಿಸಿ, ಕೈ ಎತ್ತಿ, ಬೆರಳು ಬಿಡಿಸಿ ಎಷ್ಟು ಎಂದು ಕೇಳಿದಳು.

"ಹತ್ತೊಂಬತ್ತ!" ಎಂದು ಕೂಗಿದೆ.

ಆಕೆ ಅಂಗೈಯನ್ನು ಗಾಳಿಯಲ್ಲಿ ಮೂರು ಸಲ ಬಡಿದು ತಿರುಗಿಸಿದಳು, ರೊಟ್ಟಿ ಬಡಿಯುವಂತೆ. ನಡಿ, ಇನ್ನೂ ಉಳಿದಾವ ಎಂದು. ಬಸ್ಸು ಹೊರಟಿತು.

ಮುಂದಿನ ಸಲ ಬಸ್ಸು ಹೊತ್ತಿಗೆ ಸರಿಯಾಗಿ ಬಂದು ನಿಂತಿತು. ಆ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಮಹಾನಂದಾಳೂ ಇರಲಿಲ್ಲ. ನಾನು ಮುಂದಿನಿಂದ ಹಿಂದಿನವರೆಗೆ ಎಲ್ಲ ಕಿಟಕಿ ನೋಡಿಕೊಂಡು ಬಂದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಹಗ್ಗ ಹಿಡಿದು, "ಏರ್ತೀರೇನ್ ಕಾಕಾ? ಲಗೂ ಹೇಳ್ರಿ" ಎಂದ.

"ಇಪ್ಪತ್ತ" ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಗಂಟೆ ಹೊಡೆದ.